ರೂಪಕಕ್ಕೆ ಜಾಗವಿತ್ತು, ಮನುಷ್ಯರಿಗೆ ಇರಲಿಲ್ಲ

ಡೇವಿಡ್ ಜೆರಾಲ್ಡ್ 1987ರಲ್ಲಿ 'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್' ಧಾರಾವಾಹಿಗೆಂದು ಒಂದು ಕಂತು ಬರೆದರು. ಹೆಸರು 'ಬ್ಲಡ್ ಅಂಡ್ ಫೈರ್'. ರಕ್ತ ಸೇರಿ ಕೊಲ್ಲುವ ಹುಳುಗಳ ಬಾಯಿಗೆ ಸಿಕ್ಕ ಒಂದು ಬಾಹ್ಯಾಕಾಶ ನೌಕೆ, ಅದರ ಸಹಾಯಕ್ಕೆ ಹೋದ ಇನ್ನೊಂದು ನೌಕೆ, ರಕ್ತ ಕೊಡಬೇಕಾದವರ ಎದೆಯೊಳಗಿನ ಭಯ, ಇದು ಕಥೆ. ಏಡ್ಸ್ ಎಂಬ ಮಾತನ್ನೇ ಎತ್ತದೆ ಏಡ್ಸ್ ಕಾಲದ ಅಮೆರಿಕವನ್ನು ಕುರಿತು ಬರೆದದ್ದು ಅದು. ರಕ್ತದಾನ ಮಾಡಿದರೂ ರೋಗ ಬರುತ್ತದೆಂದು ಜನ ಹೆದರಿ ಕೂತಿದ್ದ ದಿನಗಳವು. ಹಾಗಾಗಿ ಕಂತು ಮುಗಿದ ಮೇಲೆ ರಕ್ತದಾನಕ್ಕೆ ಕೋರುವ ಸಾಲೊಂದು ಪರದೆಯ ಮೇಲೆ ಬರಲಿ ಎಂಬುದು ಜೆರಾಲ್ಡ್ ಆಸೆಯಾಗಿತ್ತು.

ಆ ಕಥೆಯ ನೌಕಾ ಸಿಬ್ಬಂದಿಯಲ್ಲಿ ಫ್ರೀಮನ್, ಈಕಿನ್ಸ್ ಎಂಬ ಇಬ್ಬರು ಗಂಡಸರಿದ್ದಾರೆ. ನೀವಿಬ್ಬರೂ ಎಷ್ಟು ದಿನದಿಂದ ಜೊತೆಗಿದ್ದೀರಿ ಎಂದು ಯಾರೋ ಕೇಳುತ್ತಾರೆ, ಅಕಾಡೆಮಿಯಲ್ಲಿ ಓದುವಾಗಿನಿಂದ ಎಂಬ ಉತ್ತರ ಬರುತ್ತದೆ. ಅವರ ಸಂಬಂಧದ ಬಗ್ಗೆ ಇರುವುದು ಇಷ್ಟೇ. ಮುತ್ತಿಲ್ಲ, ಅಪ್ಪುಗೆಯಿಲ್ಲ, ಭಾಷಣವಿಲ್ಲ. ಆದರೂ ಆ ಕಂತು ಚಿತ್ರೀಕರಣ ಕಾಣಲಿಲ್ಲ. ಕೆಲವು ಊರುಗಳಲ್ಲಿ ಈ ಧಾರಾವಾಹಿ ಸಂಜೆ ನಾಲ್ಕಕ್ಕೇ ಬರುತ್ತದೆ, ಮಕ್ಕಳು ನೋಡುತ್ತಿರುತ್ತಾರೆ ಎಂಬುದು ತಮಗೆ ಬಂದ ಆಕ್ಷೇಪಗಳಲ್ಲಿ ಒಂದು ಎಂದು ಜೆರಾಲ್ಡ್ ಹೇಳಿಕೊಂಡಿದ್ದಾರೆ. ಮೊದಲ ಸರಣಿ ನಡೆಯುತ್ತಿರುವಾಗಲೇ ಅವರು ಕೆಲಸ ಬಿಟ್ಟರು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ, ಅಭಿಮಾನಿಗಳು ತಾವೇ ದುಡ್ಡು ಹಾಕಿ ನಡೆಸುತ್ತಿದ್ದ 'ಸ್ಟಾರ್ ಟ್ರೆಕ್: ನ್ಯೂ ವಾಯೇಜಸ್' ಎಂಬ ಸರಣಿಯಲ್ಲಿ ಆ ಕಥೆ ಕೊನೆಗೂ ತೆರೆ ಕಂಡಿತು.

ಇದನ್ನು ಒಂದು ಧಾರಾವಾಹಿಯ ಒಳಜಗಳವೆಂದು ಬದಿಗಿಡಬಹುದಿತ್ತು, ಅದು ಬೇರೆ ಯಾವುದಾದರೂ ಧಾರಾವಾಹಿಯಾಗಿದ್ದರೆ. ಪೊಲೀಸ್ ಕಥೆಯಲ್ಲೋ ಆಸ್ಪತ್ರೆಯ ಕಥೆಯಲ್ಲೋ ಸಲಿಂಗ ಪ್ರೇಮಿಗಳು ಕಾಣದಿದ್ದರೆ, ಈ ಕಥೆಗಾರ ಅವರನ್ನು ಗಮನಿಸಿಲ್ಲ ಎಂದುಕೊಳ್ಳಬಹುದು. ಅವರು ಹೊರಗೆ ಬೀದಿಯಲ್ಲಿ, ಪಕ್ಕದ ಮನೆಯಲ್ಲಿ ಇದ್ದೇ ಇರುತ್ತಾರಲ್ಲ. ಸ್ಟಾರ್ ಟ್ರೆಕ್ ತೋರಿಸುವ ಮುನ್ನೂರು ವರ್ಷಗಳ ಆಚೆಯ ಲೋಕ ಹಾಗಲ್ಲ. ಅದು ಇರುವುದು ಪರದೆಯ ಮೇಲೆ ಮಾತ್ರ. ಅಲ್ಲಿ ಯಾರನ್ನು ತೋರಿಸುತ್ತಾರೋ ಅವರಷ್ಟೇ ಉಳಿದುಕೊಂಡವರು. ತೋರಿಸದವರು ಆ ಭವಿಷ್ಯದಲ್ಲಿ ಇಲ್ಲ. ಬಡತನ ಅಳಿದಿದೆ, ವರ್ಣದ್ವೇಷ ಅಳಿದಿದೆ, ದೇಶದೇಶಗಳ ಯುದ್ಧ ಅಳಿದಿದೆ, ಜೊತೆಗೆ ಸಲಿಂಗ ಪ್ರೇಮಿಗಳೂ ಅಳಿದಿದ್ದಾರೆ. ಅದು ಕೇಡಿನ ಲೋಕವಾಗಿ ಕಾಣಲೂ ಇಲ್ಲ, ಎಲ್ಲರೂ ಬಯಸಬೇಕಾದ ಒಳ್ಳೆಯ ಲೋಕವಾಗಿಯೇ ಕಾಣುತ್ತಿತ್ತು. ನನಗೆ ಕಳವಳ ಹುಟ್ಟಿಸುವುದು ಅದೇ.

ಸ್ಟಾರ್ ಟ್ರೆಕ್ ಪರವಾಗಿ ಮಾತಾಡುವವರು ಒಂದು ಸಮರ್ಥನೆ ಕೊಡುತ್ತಾರೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವೈಜ್ಞಾನಿಕ ಕಥೆ ನಡೆಯುವುದೇ ರೂಪಕದಿಂದ, ನೇರವಾಗಿ ಹೇಳಲಾಗದ್ದನ್ನು ಬೇರೆ ಗ್ರಹದ ಜೀವಿಗಳ ಮೇಲೆ ಹಾಕಿ ಹೇಳುವುದೇ ಅದರ ಕಸುಬು, ಸಲಿಂಗ ಪ್ರೇಮದ ವಿಷಯದಲ್ಲೂ ಹಾಗೇ ಹೇಳಿದರು ಎನ್ನುವುದು ಆ ವಾದ. ಆದರೆ ಇದೇ ಸ್ಟಾರ್ ಟ್ರೆಕ್‌ನ ಮೂಲ ಧಾರಾವಾಹಿ ಜನಾಂಗ ಭೇದದ ವಿಷಯದಲ್ಲಿ ಏನು ಮಾಡಿತ್ತು? 1969ರಲ್ಲಿ ಪ್ರಸಾರವಾದ 'ಲೆಟ್ ದಟ್ ಬಿ ಯುವರ್ ಲಾಸ್ಟ್ ಬ್ಯಾಟಲ್‌ಫೀಲ್ಡ್' ಎಂಬ ಕಂತಿನಲ್ಲಿ ಅರ್ಧ ಮುಖ ಕಪ್ಪು, ಅರ್ಧ ಮುಖ ಬಿಳಿ ಇರುವ ಇಬ್ಬರು ಬರುತ್ತಾರೆ. ಒಬ್ಬನಿಗೆ ಎಡಭಾಗ ಕಪ್ಪಾದರೆ ಇನ್ನೊಬ್ಬನಿಗೆ ಬಲಭಾಗ. ಅಷ್ಟಕ್ಕೇ ಅವರ ಗ್ರಹ ಪರಸ್ಪರ ಕೊಂದುಕೊಂಡು ಹಾಳಾಗಿದೆ. ಸೂಕ್ಷ್ಮವೇನಲ್ಲ, ಮಕ್ಕಳಿಗೂ ಅರ್ಥವಾಗುವ ರೂಪಕ. ಆದರೆ ಆ ಕಥೆ ನಡೆಯುವ ನೌಕೆಯ ನಿಯಂತ್ರಣ ಕೊಠಡಿಯಲ್ಲಿ ಸಂಪರ್ಕ ಅಧಿಕಾರಿಯಾಗಿ ಕೂತಿದ್ದವಳು ಊಹೂರಾ, ಕಪ್ಪು ಹೆಣ್ಣು. ಪಾತ್ರ ಮಾಡಿದವರು ನಿಶೆಲ್ ನಿಕೋಲ್ಸ್. ನೌಕೆ ನಡೆಸುತ್ತಿದ್ದವನು ಸುಲು, ಜಪಾನಿ ಮೂಲದ ಜಾರ್ಜ್ ಟಕೈ. 1966ರ ಸೆಪ್ಟೆಂಬರ್ 8ರ ಮೊದಲ ಪ್ರಸಾರದ ಹೊತ್ತಿಗೇ ಅವರಿಬ್ಬರೂ ನೌಕೆಯಲ್ಲಿದ್ದರು. ರೂಪಕ ಅವರ ಜಾಗಕ್ಕೆ ಬರಲಿಲ್ಲ, ಅವರಿದ್ದ ಜಾಗದಲ್ಲಿ ಹುಟ್ಟಿತು.

ಆ ಕುರ್ಚಿಯ ಬೆಲೆ ಏನೆಂಬುದು ಆಮೇಲೆ ಗೊತ್ತಾಯಿತು. ನಿಕೋಲ್ಸ್ ಧಾರಾವಾಹಿ ಬಿಡಬೇಕೆಂದಿದ್ದಾಗ ಬಿಡಬೇಡಿ ಎಂದು ಒಪ್ಪಿಸಿದವರು ಮಾರ್ಟಿನ್ ಲೂಥರ್ ಕಿಂಗ್ ಎಂದು ಅವರೇ ಹಲವು ಕಡೆ ಹೇಳಿದ್ದಾರೆ. ಊಹೂರಾಳನ್ನು ನೋಡುತ್ತ ಬೆಳೆದ ಮೇ ಜೆಮಿಸನ್ 1992ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆಯಾದರು, ಮರುವರ್ಷ ಅದೇ ಸ್ಟಾರ್ ಟ್ರೆಕ್‌ನ ಒಂದು ಕಂತಿನಲ್ಲಿ ಪುಟ್ಟ ಪಾತ್ರ ಮಾಡಿದರು. ಅರ್ಧ ಕಪ್ಪು ಅರ್ಧ ಬಿಳಿ ಮುಖದ ಆ ಪರಗ್ರಹಜೀವಿಗಳನ್ನು ನೋಡಿ ಯಾರಾದರೂ ಗಗನಯಾತ್ರಿಯಾದರೆಂದು ನಾನು ಕೇಳಿಲ್ಲ.

ಸಲಿಂಗ ಪ್ರೇಮದ ವಿಷಯಕ್ಕೆ ಬಂದಾಗ ಈ ಜೋಡಿ ಮುರಿಯಿತು. ರೂಪಕ ಉಳಿಯಿತು, ಕುರ್ಚಿ ಹೋಯಿತು. ನೆಕ್ಸ್ಟ್ ಜನರೇಶನ್‌ನ 1992ರ 'ದಿ ಔಟ್‌ಕಾಸ್ಟ್' ಕಂತನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ಅದು ಪ್ರಾಮಾಣಿಕ ಮನಸ್ಸಿನಿಂದ ಮಾಡಿದ ಕೆಲಸ. ಬರೆದವರು ಜೆರಿ ಟೇಲರ್. ಜನೈ ಎಂಬ ಜನಾಂಗದಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಅಲ್ಲಿ ತನ್ನನ್ನು ಗಂಡೆಂದೋ ಹೆಣ್ಣೆಂದೋ ಭಾವಿಸುವುದು ರೋಗ, ಅಪರಾಧ. ಸೋರೆನ್ ಎಂಬ ಪೈಲಟ್ ತಾನು ಹೆಣ್ಣೆಂದು ಬಾಲ್ಯದಿಂದಲೂ ಬಲ್ಲವಳು, ನೌಕೆಯ ಉಪನಾಯಕ ರೈಕರ್‌ನ ಮೇಲೆ ಅವಳಿಗೆ ಪ್ರೀತಿ ಹುಟ್ಟುತ್ತದೆ. ತನ್ನ ಶಾಲೆಯಲ್ಲಿ ಹೀಗೇ ಬೇರೆಯಾಗಿದ್ದ ಒಂದು ಮಗುವಿನ ಕಥೆಯನ್ನು ಅವಳು ಅವನಿಗೆ ಹೇಳುತ್ತಾಳೆ. ಗುಟ್ಟು ಬಯಲಾದಾಗ ಉಳಿದ ಮಕ್ಕಳು ಆ ಮಗುವನ್ನು ಹಂಗಿಸುತ್ತಾರೆ, ಹಿಂಸಿಸುತ್ತಾರೆ. ಆಮೇಲೆ ಚಿಕಿತ್ಸೆಗೆ ಕರೆದೊಯ್ಯುತ್ತಾರೆ. ಚಿಕಿತ್ಸೆ ಮುಗಿಸಿ ಬಂದ ಮಗು ಇಡೀ ಶಾಲೆಯ ಮುಂದೆ ನಿಂತು, ನನಗೀಗ ವಾಸಿಯಾಗಿದೆ, ನಾನೀಗ ಎಷ್ಟು ಸುಖವಾಗಿದ್ದೇನೆ ಎಂದು ಹೇಳುತ್ತದೆ. ಕೊನೆಗೆ ಸೋರೆನ್‌ಗೂ ಅದೇ ಗತಿ. ವಿಚಾರಣೆಯಲ್ಲಿ ಅವಳು ತಲೆಯೆತ್ತಿ ವಾದಿಸುತ್ತಾಳೆ, ಬಿಡಿಸಿಕೊಂಡು ಹೋಗಲು ರೈಕರ್ ಬರುವಷ್ಟರಲ್ಲಿ ಚಿಕಿತ್ಸೆ ನಡೆದುಹೋಗಿರುತ್ತದೆ. ಎದುರಿಗೆ ನಿಂತವಳು ಶಾಂತವಾಗಿ, ನನಗೆ ಕಾಯಿಲೆಯಿತ್ತು ಎನ್ನುತ್ತಾಳೆ.

ಈ ದೃಶ್ಯ ನನ್ನ ಹೊಟ್ಟೆಯಲ್ಲಿ ಇಂದಿಗೂ ಸಂಕಟ ಹುಟ್ಟಿಸುತ್ತದೆ. 'ಸರಿಪಡಿಸುವ' ಚಿಕಿತ್ಸೆಯ ಹೆಸರಿನಲ್ಲಿ ಎಳೆಯರಿಗೆ ಮಾಡುವ ಹಿಂಸೆಯನ್ನು ಅಂದಿನ ಅಮೆರಿಕದ ಟಿವಿಯಲ್ಲಿ ಇಷ್ಟು ಬಿಚ್ಚಿ ತೋರಿಸಿದ್ದು ಸಣ್ಣ ಮಾತಲ್ಲ. ಆದರೆ ಅದೇ ಕಂತಿನಲ್ಲಿ ಸೋರೆನ್ ಮನುಷ್ಯರ ಪ್ರೀತಿಯ ಬಗ್ಗೆ ಕುತೂಹಲದಿಂದ ಕೇಳುತ್ತಾಳೆ. ನಿಮ್ಮಲ್ಲಿ ಗಂಡು ಹೆಣ್ಣು ಎಂದರೇನು, ನಿಮಗೆ ಎಂಥ ಹೆಣ್ಣು ಹಿಡಿಸುತ್ತಾಳೆ ಎನ್ನುತ್ತಾಳೆ. ನೌಕೆಯ ಜನ ಸಾವಧಾನವಾಗಿ ಉತ್ತರಿಸುತ್ತಾರೆ. ಆ ಉತ್ತರಗಳಲ್ಲೆಲ್ಲೂ, ನಮ್ಮಲ್ಲಿ ಗಂಡಸನ್ನು ಪ್ರೀತಿಸುವ ಗಂಡಸರೂ ಇದ್ದಾರೆ, ಹೆಂಗಸನ್ನು ಪ್ರೀತಿಸುವ ಹೆಂಗಸರೂ ಇದ್ದಾರೆ ಎಂಬ ಒಂದು ಸಾಲು ಬರುವುದಿಲ್ಲ. ಅದಕ್ಕಿಂತ ಸೂಕ್ತವಾದ ಜಾಗ ಆ ಸಾಲಿಗೆ ಇಡೀ ಧಾರಾವಾಹಿಯಲ್ಲಿ ಸಿಗುತ್ತಿರಲಿಲ್ಲ. ಸಲಿಂಗ ಪ್ರೇಮಿಗಳ ನೋವಿನ ಬಗ್ಗೆಯೇ ಇರುವ ಕಂತಿನಲ್ಲೂ ಸಲಿಂಗ ಪ್ರೇಮಿಗಳು ಇಲ್ಲ. ಗಂಡಿನ ಕಡೆ ಒಲಿದ ಒಂದು ಹೆಣ್ಣನ್ನು ಶಿಕ್ಷಿಸುವ ಕಥೆಯಾಗಿ ಅದು ಪರದೆಗೆ ಬಂತು. ಸೋರೆನ್ ಪಾತ್ರ ಮಾಡಿದವರು ಮೆಲಿಂಡಾ ಕ್ಯೂಲಿಯಾ. ರೈಕರ್ ಆಗಿದ್ದ ಜೊನಾಥನ್ ಫ್ರೇಕ್ಸ್ ಆಮೇಲೆ ಬಹಿರಂಗವಾಗಿಯೇ ಅತೃಪ್ತಿ ಹೇಳಿಕೊಂಡರು. ಸೋರೆನ್ ನೋಡಲು ಗಂಡಸಿನಂತಿರಬೇಕಿತ್ತು, ಆಗ ಹೇಳಬೇಕಾದ್ದನ್ನು ಹೇಳಿದಂತಾಗುತ್ತಿತ್ತು ಎಂಬುದು ಅವರ ಅಭಿಪ್ರಾಯ. ನಟನಿಗೆ ಕಂಡದ್ದು ನಿರ್ಮಾಪಕರಿಗೆ ಕಾಣಲಿಲ್ಲವೆಂದು ನಂಬುವುದು ಕಷ್ಟ.

ಅದಕ್ಕೂ ಒಂದು ವರ್ಷ ಮೊದಲು, 1991ರ 'ದಿ ಹೋಸ್ಟ್' ಕಂತಿನಲ್ಲಿ ಡಾಕ್ಟರ್ ಬೆವರ್ಲಿ ಕ್ರಷರ್ ಓಡನ್ ಎಂಬವನನ್ನು ಪ್ರೀತಿಸುತ್ತಾಳೆ. ಓಡನ್ ನಿಜಕ್ಕೂ ಒಂದು ದೇಹದೊಳಗೆ ನೆಲೆಸುವ ಇನ್ನೊಂದು ಜೀವಿ. ಆ ದೇಹ ಸತ್ತಾಗ ಬೇರೆ ದೇಹಕ್ಕೆ ಹೋಗುತ್ತಾನೆ. ಮೊದಲು ತನ್ನ ಸಹೋದ್ಯೋಗಿ ರೈಕರ್‌ನ ದೇಹದಲ್ಲಿ ಬಂದಾಗ ಕ್ರಷರ್ ತೊಳಲಾಡಿದರೂ ಒಪ್ಪುತ್ತಾಳೆ. ಕೊನೆಯಲ್ಲಿ ಹೆಣ್ಣಿನ ದೇಹದಲ್ಲಿ ಬಂದಾಗ ಹಿಂದೆ ಸರಿಯುತ್ತಾಳೆ. ಇದು ಮನುಷ್ಯರ ಮಿತಿಯಿರಬಹುದು, ನಮ್ಮ ಪ್ರೀತಿಯ ಶಕ್ತಿ ಮುಂದೊಂದು ದಿನ ಇಷ್ಟು ಸಂಕುಚಿತವಾಗಿರಲಾರದು ಎಂಬರ್ಥದ ಮಾತು ಹೇಳುತ್ತಾಳೆ. ಕ್ರಷರ್ ವೈಯಕ್ತಿಕವಾಗಿ ಹೆಣ್ಣನ್ನು ಪ್ರೀತಿಸಲಾರಳು ಎನ್ನುವುದರಲ್ಲಿ ತಪ್ಪೇನಿಲ್ಲ. ಆದರೆ ಇಪ್ಪತ್ತನಾಲ್ಕನೆಯ ಶತಮಾನದಲ್ಲಿ ನಿಂತು, ಇಡೀ ಮನುಷ್ಯಕುಲದ ಪರವಾಗಿ 'ಮುಂದೊಂದು ದಿನ' ಎನ್ನುತ್ತಾಳಲ್ಲ! ಆ ಕಂತು ಪ್ರಸಾರವಾದ ವಾರ ಅಮೆರಿಕದ ಸಾವಿರಾರು ಮನೆಗಳಲ್ಲಿ ಹೆಂಗಸರನ್ನು ಪ್ರೀತಿಸುವ ಹೆಂಗಸರು ಅಡುಗೆ ಮಾಡಿಕೊಂಡು, ಬಾಡಿಗೆ ಕಟ್ಟಿಕೊಂಡು ಸಂಸಾರ ನಡೆಸುತ್ತಿದ್ದರು. ಅವರನ್ನು ಮುನ್ನೂರು ವರ್ಷಗಳಾಚೆಗೂ ಇನ್ನೂ ಬರಬೇಕಾದ ಸಾಧ್ಯತೆಯನ್ನಾಗಿ ಮಾಡಿದ ಮಾತದು. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿದ್ದನ್ನೇ ಧೈರ್ಯವೆಂದು ಆ ಕಾಲದಲ್ಲಿ ಹೊಗಳಿದ್ದೂ ಉಂಟು.

ಅರಿವಿಲ್ಲದೆ ಆಯಿತು ಎನ್ನುವ ಹಾಗೂ ಇಲ್ಲ. ಸಲಿಂಗ ಪ್ರೇಮವನ್ನು ಸಹಾನುಭೂತಿಯಿಂದ ಕಂಡ ಮೊದಮೊದಲ ವೈಜ್ಞಾನಿಕ ಕಥೆಗಳಲ್ಲೊಂದು 'ದಿ ವರ್ಲ್ಡ್ ವೆಲ್ ಲಾಸ್ಟ್', 1953ರದ್ದು. ಬರೆದವರು ಥಿಯೊಡೊರ್ ಸ್ಟರ್ಜನ್. ಸ್ಪಾಕ್‌ನ ಮದುವೆಯ ಕಥೆಯಿರುವ, ಇವತ್ತಿಗೂ ಅಭಿಮಾನಿಗಳು ಎತ್ತಿ ಹಿಡಿಯುವ 1967ರ 'ಅಮೋಕ್ ಟೈಮ್' ಕಂತನ್ನು ಸ್ಟಾರ್ ಟ್ರೆಕ್‌ಗೆ ಬರೆದುಕೊಟ್ಟವರೂ ಅದೇ ಸ್ಟರ್ಜನ್. ಉರ್ಸುಲಾ ಲಗ್ವಿನ್ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' ಕಾದಂಬರಿಯನ್ನು ಹೊರತಂದದ್ದು 1969ರಲ್ಲಿ. ಪುಸ್ತಕದ ಕಪಾಟಿನಲ್ಲಿ ವೈಜ್ಞಾನಿಕ ಕಥೆ ಅಷ್ಟು ದೂರ ನಡೆದುಹೋಗಿತ್ತು. ಅಭಿಮಾನಿಗಳಂತೂ, ಅವರಲ್ಲಿ ಹೆಚ್ಚಿನವರು ಹೆಂಗಸರು, ಎಪ್ಪತ್ತರ ದಶಕದಲ್ಲೇ ನೌಕೆಯ ನಾಯಕ ಕರ್ಕ್ ಮತ್ತು ಅವನ ಸಹೋದ್ಯೋಗಿ ಸ್ಪಾಕ್ ಪರಸ್ಪರ ಪ್ರೀತಿಸುವ ಕಥೆಗಳನ್ನು ಬರೆದು ಖಾಸಗಿ ಪತ್ರಿಕೆಗಳಲ್ಲಿ ಹಂಚಿಕೊಳ್ಳುತ್ತಿದ್ದರು. ಟಿವಿ ಮಾತ್ರ ನಿಂತಲ್ಲೇ ನಿಂತಿತ್ತು.

ನಿರ್ಮಾಣದ ಮನೆಯೊಳಗೂ ಸಲಿಂಗ ಪ್ರೇಮಿಗಳಿದ್ದರು. ಮೂಲ ಧಾರಾವಾಹಿಯ ಉಡುಪುಗಳನ್ನು, 1987ರಲ್ಲಿ ನೆಕ್ಸ್ಟ್ ಜನರೇಶನ್‌ನ ಮೊದಲ ಸಮವಸ್ತ್ರಗಳನ್ನು ವಿನ್ಯಾಸ ಮಾಡಿದವರು ವಿಲಿಯಂ ವೇರ್ ಥೀಸ್. ಅವರು 1992ರಲ್ಲಿ ಏಡ್ಸ್ ಸಂಬಂಧಿ ಕಾಯಿಲೆಯಿಂದ ತೀರಿಕೊಂಡರು. ಸುಲು ಆಗಿದ್ದ ಟಕೈ ತಮ್ಮ ಬದುಕಿನ ಬಹುಪಾಲು ಈ ವಿಷಯದಲ್ಲಿ ಬಾಯಿ ಬಿಡಲಿಲ್ಲ. 2005ರಲ್ಲಿ, ಅರವತ್ತೆಂಟರ ವಯಸ್ಸಿನಲ್ಲಿ, ತಾನು ಗೇ ಎಂದು ಸಾರ್ವಜನಿಕವಾಗಿ ಹೇಳಿದರು. ಅರವತ್ತರ ದಶಕದಲ್ಲೇ ಈ ವಿಷಯವನ್ನು ಧಾರಾವಾಹಿಗೆ ತರಬಾರದೇ ಎಂದು ನಿರ್ಮಾತೃ ಜೀನ್ ರಾಡೆನ್‌ಬೆರಿಯನ್ನು ಕೇಳಿದ್ದೆ ಎಂದೂ ಟಕೈ ಹೇಳಿದ್ದಾರೆ. ಅವರ ಪ್ರಕಾರ ರಾಡೆನ್‌ಬೆರಿಗೆ ಮನಸ್ಸಿತ್ತು, ಇನ್ನೂ ಮುಂದೆ ಹೋದರೆ ಧಾರಾವಾಹಿಯೇ ನಿಂತುಹೋಗುತ್ತದೆಂಬ ಭಯವಿತ್ತು. ಸಾಯುವ ಮೊದಲು, 1991ರಲ್ಲಿ, ಮುಂದಿನ ಸರಣಿಯಲ್ಲಿ ನೌಕೆಯ ದಿನನಿತ್ಯದ ಬದುಕಿನೊಳಗೆ ಗೇ ಸಿಬ್ಬಂದಿ ಕಾಣಿಸಿಕೊಳ್ಳುತ್ತಾರೆಂದು ರಾಡೆನ್‌ಬೆರಿ ಮಾತು ಕೊಟ್ಟರು. ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಮಾತು ಈಡೇರಲಿಲ್ಲ.

ಅರವತ್ತರ ದಶಕದ ಭಯವನ್ನು ನಾನು ಒಪ್ಪುತ್ತೇನೆ. ಆಗ ಎನ್‌ಬಿಸಿ ಎಂಬ ಒಂದು ಜಾಲದ ಕೈಯಲ್ಲಿ ಧಾರಾವಾಹಿಯ ಪ್ರಾಣವಿತ್ತು, ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಗಂಡಸರಿಬ್ಬರ ಸಂಬಂಧ ಕಾನೂನಿನ ಕಣ್ಣಲ್ಲಿ ಅಪರಾಧವಾಗಿತ್ತು. 1987ರ ಮೇಲಿನ ಭಯವನ್ನು ಅಷ್ಟು ಸುಲಭವಾಗಿ ಒಪ್ಪಲಾರೆ. ನೆಕ್ಸ್ಟ್ ಜನರೇಶನ್‌ಗೆ ಜಾಲದ ಹಂಗೇ ಇರಲಿಲ್ಲ. ಪ್ಯಾರಾಮೌಂಟ್ ಅದನ್ನು ಊರೂರಿನ ಟಿವಿ ಕೇಂದ್ರಗಳಿಗೆ ನೇರವಾಗಿ ಮಾರುತ್ತಿತ್ತು, ಕೊಳ್ಳುವವರೂ ಸಾಲುಗಟ್ಟಿದ್ದರು. ಏಳು ಸರಣಿ ಓಡಿದ ಧಾರಾವಾಹಿ ಅದು. ಒಂದೆರಡು ಕೇಂದ್ರಗಳು ಒಂದು ಕಂತನ್ನು ಬಿಟ್ಟಿದ್ದರೆ ಅದು ಮುಳುಗುತ್ತಿರಲಿಲ್ಲ.

ಇನ್ನು ಮಕ್ಕಳ ಮಾತು. ಇದಕ್ಕೆ ಉತ್ತರ ಕೊಟ್ಟದ್ದು ಬ್ರಿಟನ್. 2005ರಲ್ಲಿ ರಸೆಲ್ ಟಿ ಡೇವಿಸ್ 'ಡಾಕ್ಟರ್ ಹೂ' ಧಾರಾವಾಹಿಗೆ ಮರುಜೀವ ಕೊಟ್ಟಾಗ, ಅದು ಶನಿವಾರ ಸಂಜೆ ಅಪ್ಪ ಅಮ್ಮ ಮಕ್ಕಳು ಒಟ್ಟಿಗೆ ಕೂತು ನೋಡುವ ಕಾರ್ಯಕ್ರಮ. ಅದರಲ್ಲಿ ಕ್ಯಾಪ್ಟನ್ ಜ್ಯಾಕ್ ಹಾರ್ಕ್‌ನೆಸ್ ಎಂಬ ಪಾತ್ರ ಬರುತ್ತದೆ. ಗಂಡು ಹೆಣ್ಣೆಂಬ ಭೇದವಿಲ್ಲದೆ ಮನಸೋಲುವ ಸಾಹಸಿ. ಆ ಸರಣಿಯ ಕೊನೆಯ ಕಂತಿನಲ್ಲಿ ಸಾವಿಗೆ ಎದುರಾಗಿ ಹೊರಡುವ ಮುನ್ನ ಅವನು ಡಾಕ್ಟರನ ಜೊತೆಗಾತಿ ರೋಸ್‌ಗೆ ಒಂದು ಮುತ್ತು ಕೊಡುತ್ತಾನೆ, ಪಕ್ಕದಲ್ಲಿದ್ದ ಡಾಕ್ಟರ್‌ಗೂ ಅದೇ ರೀತಿ ಒಂದು ಮುತ್ತು ಕೊಡುತ್ತಾನೆ, ನಡೆಯುತ್ತಾನೆ. ಯಾರೂ ಅದರ ಬಗ್ಗೆ ವಿವರಣೆ ಕೊಡುವುದಿಲ್ಲ. ಮಕ್ಕಳಿಗೇನೂ ಆಗಲಿಲ್ಲ. ಧಾರಾವಾಹಿ ಬಿಬಿಸಿಯ ಅತಿದೊಡ್ಡ ಯಶಸ್ಸುಗಳಲ್ಲೊಂದಾಯಿತು. ಜ್ಯಾಕ್‌ನನ್ನೇ ನಾಯಕನನ್ನಾಗಿ ಮಾಡಿ 'ಟಾರ್ಚ್‌ವುಡ್' ಎಂಬ ಇನ್ನೊಂದು ಧಾರಾವಾಹಿ ಹುಟ್ಟಿತು.

ಇದು ಅಮೆರಿಕ, ಇಂಗ್ಲೆಂಡಿನ ಜಗಳ, ನಮಗೇನು ಎಂದು ಕೇಳುವವರಿಗೆ ಒಂದು ನೆನಪು. ಎಂಬತ್ತರ ದಶಕದಲ್ಲಿ ದೂರದರ್ಶನ ಮೂಲ ಸ್ಟಾರ್ ಟ್ರೆಕ್ ಅನ್ನು ಪ್ರಸಾರ ಮಾಡಿತ್ತು. ಸ್ಪಾಕ್‌ನ ಕಿವಿ, ಕರ್ಕ್‌ನ ಗತ್ತು ಕರ್ನಾಟಕದ ಎಷ್ಟೋ ಮನೆಗಳಿಗೆ ಬಂದದ್ದು ಹಾಗೆ. ಭವಿಷ್ಯವೆಂದರೆ ಹೀಗಿರುತ್ತದೆ ಎಂದು ಒಂದು ತಲೆಮಾರು ಅದನ್ನು ನೋಡಿ ಕಲಿಯಿತು. ಆ ತಲೆಮಾರಿನಲ್ಲಿ ಒಳಗೊಳಗೇ ತನ್ನನ್ನು ಬೇರೆಯೆಂದು ಬಲ್ಲ ಹುಡುಗನೋ ಹುಡುಗಿಯೋ ಇದ್ದರೆ, ಅವರ ಪಾಲಿಗೆ ಹೊರಗೆ ಸಲಿಂಗ ಸಂಬಂಧವನ್ನು ಅಪರಾಧವೆನ್ನುವ 377ನೇ ಸೆಕ್ಷನ್ ಇತ್ತು, 2018ರ ಸೆಪ್ಟೆಂಬರ್‌ವರೆಗೂ ಇತ್ತು. ಟಿವಿಯ ಇಪ್ಪತ್ತಮೂರನೆಯ ಶತಮಾನದಲ್ಲೂ ಅವರಿಗೆ ಜಾಗವಿರಲಿಲ್ಲ. ಗೇ ನಾಯಕನ ಕಥೆಗಳಿರುವ ವಸುಧೇಂದ್ರರ 'ಮೋಹನಸ್ವಾಮಿ' 2013ರಲ್ಲಿ ಬಂದಾಗ ಕನ್ನಡದ ಓದುಗರು ಅದನ್ನು ಎಷ್ಟು ಹಸಿವಿನಿಂದ ಓದಿದರು ಎಂಬುದನ್ನು ಬಲ್ಲವರಿಗೆ, ತನ್ನಂಥವರನ್ನು ಕಥೆಯೊಳಗೆ ಕಾಣುವುದು ಎಂಥ ದೊಡ್ಡ ಸಂಗತಿಯೆಂದು ಬಿಡಿಸಿ ಹೇಳಬೇಕಿಲ್ಲ.

ಸ್ಯಾಲಿ ರೈಡ್ ಹೆಸರು ಇಲ್ಲಿ ನೆನೆಯಬೇಕು. 1983ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಅಮೆರಿಕನ್ ಮಹಿಳೆ ಅವರು, 1984ರಲ್ಲಿ ಮತ್ತೊಮ್ಮೆ ಹೋಗಿಬಂದರು. 2012ರಲ್ಲಿ ಅವರು ತೀರಿಕೊಂಡಾಗ, ಟ್ಯಾಮ್ ಓಶಾನೆಸಿ ಎಂಬ ಮಹಿಳೆ ಅವರ ಇಪ್ಪತ್ತೇಳು ವರ್ಷಗಳ ಸಂಗಾತಿಯಾಗಿದ್ದರೆಂಬುದು ಮರಣವಾರ್ತೆಯ ಮೂಲಕ ಜಗತ್ತಿಗೆ ತಿಳಿಯಿತು. ಫ್ರೀಮನ್ ಮತ್ತು ಈಕಿನ್ಸ್‌ರ ಆ ಒಂದು ಸಾಲನ್ನು ಭವಿಷ್ಯದ ನೌಕೆಯಲ್ಲಿ ಊಹಿಸಲಾರೆವು ಎಂದು ಟಿವಿಯವರು ಕೈಚೆಲ್ಲಿದ 1987ರಲ್ಲಿ, ಹೆಣ್ಣನ್ನು ಪ್ರೀತಿಸುವ ಹೆಣ್ಣೊಬ್ಬಳು ನಿಜವಾದ ನೌಕೆಯಲ್ಲಿ ಎರಡು ಸಲ ಭೂಮಿಯ ಸುತ್ತ ತಿರುಗಿ ಬಂದಾಗಿತ್ತು. ಕಲ್ಪನೆಯನ್ನೇ ಬಂಡವಾಳ ಮಾಡಿಕೊಂಡ ಧಾರಾವಾಹಿ ವಾಸ್ತವಕ್ಕಿಂತ ಹಿಂದುಳಿದಿತ್ತು.

ತೊಂಬತ್ತರ ದಶಕದಲ್ಲಿ ಕೆಲವು ಒಳ್ಳೆಯ ಪ್ರಯತ್ನಗಳೂ ನಡೆದವು. 1995ರಲ್ಲಿ ಇನ್ನೊಂದು ಸ್ಟಾರ್ ಟ್ರೆಕ್ ಧಾರಾವಾಹಿ 'ಡೀಪ್ ಸ್ಪೇಸ್ ನೈನ್'ನ 'ರಿಜಾಯ್ನ್ಡ್' ಕಂತಿನಲ್ಲಿ ಜ್ಯಾಡ್ಜಿಯಾ ಡ್ಯಾಕ್ಸ್ ಮತ್ತು ಲೆನಾರಾ ಕಾನ್ ಎಂಬ ಇಬ್ಬರು ಹೆಂಗಸರು ಪ್ರೀತಿಯಿಂದ ಮುತ್ತಿಡುತ್ತಾರೆ. ಹಿಂದಿನ ಜನ್ಮದಂಥ ಒಂದು ಬದುಕಿನಲ್ಲಿ ಅವರು ಗಂಡ ಹೆಂಡತಿಯಾಗಿದ್ದವರು. ಅವರ ಸಮಾಜ ಹಾಗೆ ಮತ್ತೆ ಕೂಡುವುದನ್ನು ನಿಷೇಧಿಸಿದೆ. ಇಬ್ಬರೂ ಹೆಂಗಸರು ಎನ್ನುವುದು ಆ ಕಂತಿನಲ್ಲಿ ಯಾರಿಗೂ ಒಂದು ವಿಷಯವೇ ಅಲ್ಲ, ಯಾರೂ ಅದನ್ನು ಎತ್ತುವುದೇ ಇಲ್ಲ. 'ದಿ ಔಟ್‌ಕಾಸ್ಟ್'ಗಿಂತ ಇದನ್ನು ನಾನು ಎಷ್ಟೋ ಮೇಲೆ ಇಡುತ್ತೇನೆ. ಆದರೆ ಅದು ಒಂದು ಕಂತು. ಲೆನಾರಾ ಹೊರಟುಹೋದಳು, ಆಮೇಲೆ ಜ್ಯಾಡ್ಜಿಯಾ ವೋರ್ಫ್‌ನನ್ನು ಮದುವೆಯಾದಳು. 'ಬ್ಯಾಬಿಲಾನ್ 5' ಎಂಬ ಬೇರೆ ಧಾರಾವಾಹಿಯಲ್ಲೂ ಇವಾನೊವಾ ಮತ್ತು ಟ್ಯಾಲಿಯಾ ಎಂಬ ಹೆಂಗಸರು ಹತ್ತಿರವಾದರೆನ್ನುವಷ್ಟರಲ್ಲಿ, ಅದೇ ಕಂತಿನಲ್ಲಿ ಟ್ಯಾಲಿಯಾ ಕಥೆಯಿಂದ ಹೊರಗೆ ಹೋದಳು. 'ವಾಯೇಜರ್', 'ಎಂಟರ್‌ಪ್ರೈಸ್' ಎಂಬ ಮುಂದಿನ ಎರಡು ಸ್ಟಾರ್ ಟ್ರೆಕ್‌ಗಳು 2005ರವರೆಗೆ ನಡೆದು ಮುಗಿದವು. ಅವುಗಳ ಮುಖ್ಯ ಸಿಬ್ಬಂದಿಯಲ್ಲಿ ಸಲಿಂಗ ಪ್ರೇಮಿಯಾಗಿ ಕಂಡವರು ಒಬ್ಬರೂ ಇಲ್ಲ.

ಭವಿಷ್ಯದಲ್ಲಿ ಇಂಥ ಗುರುತುಗಳೇ ಮುಖ್ಯವಾಗಿರುವುದಿಲ್ಲ, ಹಾಗಾಗಿ ತೋರಿಸುವ ಅಗತ್ಯವೇನು ಎನ್ನುವವರಿದ್ದಾರೆ. ಗುರುತು ಮುಖ್ಯವಲ್ಲದ ಲೋಕದಲ್ಲಿ ಎಲ್ಲ ಬಗೆಯ ಜೋಡಿಗಳೂ ಕಾಣಬೇಕು. ಕರ್ಕ್‌ಗೆ ಗ್ರಹಕ್ಕೊಬ್ಬಳು ಪ್ರೇಯಸಿ ಸಿಕ್ಕಾಗ, ನೌಕೆಯಲ್ಲಿ ಮೈಲ್ಸ್ ಓಬ್ರಯನ್ ಕೇಯ್ಕೋಳನ್ನು ಮದುವೆಯಾಗಿ ಮಗು ಹುಟ್ಟಿದಾಗ, ಗಂಡು ಹೆಣ್ಣಿನ ಪ್ರೀತಿ ಮುಖ್ಯವಲ್ಲ ಎಂದು ಯಾರೂ ಕತ್ತರಿ ಆಡಿಸಲಿಲ್ಲ. ಮುಖ್ಯವಲ್ಲ ಎಂಬ ಮಾತು ಒಂದೇ ಕಡೆಯವರಿಗೆ ಅನ್ವಯವಾಯಿತು.

2017ರ 'ಸ್ಟಾರ್ ಟ್ರೆಕ್: ಡಿಸ್ಕವರಿ'ಯಲ್ಲಿ ಒಂದು ಸಣ್ಣ ದೃಶ್ಯವಿದೆ. ವಿಜ್ಞಾನಿ ಪಾಲ್ ಸ್ಟ್ಯಾಮೆಟ್ಸ್ ಮತ್ತು ವೈದ್ಯ ಹ್ಯೂ ಕಲ್ಬರ್ ರಾತ್ರಿ ಮಲಗುವ ಮೊದಲು ಕನ್ನಡಿಯ ಮುಂದೆ ಅಕ್ಕಪಕ್ಕ ನಿಂತು ಹಲ್ಲುಜ್ಜುತ್ತಾರೆ, ಆ ದಿನದ ಕೆಲಸದ ಬಗ್ಗೆ ಮಾತಾಡಿಕೊಳ್ಳುತ್ತಾರೆ. ಒಬ್ಬನಿಗೆ ಇನ್ನೊಬ್ಬ ತೆಗೆದುಕೊಂಡ ಅಪಾಯದ ಬಗ್ಗೆ ಕೋಪ, ಕೋಪದ ಹಿಂದೆ ಕಾಳಜಿ. ಪಾತ್ರ ಮಾಡಿದ ಆಂಥನಿ ರ‍್ಯಾಪ್, ವಿಲ್ಸನ್ ಕ್ರೂಜ್ ಇಬ್ಬರೂ ಬಹಿರಂಗವಾಗಿ ತಮ್ಮನ್ನು ಗುರುತಿಸಿಕೊಂಡವರು. ಮೂವತ್ತು ವರ್ಷಗಳ ಹಿಂದೆ ಜೆರಾಲ್ಡ್ ಕೇಳಿದ್ದು ಇಷ್ಟನ್ನೇ, ಇದಕ್ಕಿಂತಲೂ ಕಡಿಮೆಯನ್ನು. ಆ ದೃಶ್ಯ ಯಾವ ಪಾಠವನ್ನೂ ಹೇಳುವುದಿಲ್ಲ. ಅವರು ಅಲ್ಲಿ ಇದ್ದಾರೆ, ಕೆಲಸ ಮಾಡಿ ದಣಿದಿದ್ದಾರೆ.

ಕೆಲವೇ ಕಂತುಗಳಲ್ಲಿ ಕಲ್ಬರ್‌ನನ್ನು ಕೊಂದುಹಾಕಿದರು. ಸಲಿಂಗ ಪ್ರೇಮಿಗಳಿಗೆ ಪಾತ್ರ ಕೊಟ್ಟು ಬೇಗನೆ ಸಾಯಿಸುವ ಚಾಳಿಗೆ ಪ್ರೇಕ್ಷಕರು ಅಷ್ಟರಲ್ಲಿ ರೋಸಿಹೋಗಿದ್ದರು. 2016ರಲ್ಲಿ 'ದಿ ಹಂಡ್ರೆಡ್' ಎಂಬ ಬೇರೊಂದು ಧಾರಾವಾಹಿಯಲ್ಲಿ ಲೆಕ್ಸಾ ತನ್ನ ಪ್ರೇಯಸಿಯನ್ನು ಕೂಡಿದ ಕೆಲವೇ ನಿಮಿಷಗಳಲ್ಲಿ ಗುಂಡಿಗೆ ಬಲಿಯಾದಾಗ ಎದ್ದ ಆಕ್ರೋಶ ದೊಡ್ಡದು, ಆ ಸಿಟ್ಟಿನಲ್ಲೇ ಯುವಜನರು ಎಳೆಯರ ಆತ್ಮಹತ್ಯೆ ತಡೆಯುವ ಸಂಸ್ಥೆಗೆ ಹಣ ಕೂಡಿಸಿಕೊಟ್ಟರು. ಡಿಸ್ಕವರಿಯವರು ಮುಂದಿನ ಸರಣಿಯಲ್ಲಿ ಕಲ್ಬರ್‌ನನ್ನು ಮರಳಿ ತಂದರು, ಕೊನೆಯವರೆಗೂ ಉಳಿಸಿಕೊಂಡರು.

2016ರ 'ಸ್ಟಾರ್ ಟ್ರೆಕ್ ಬಿಯಾಂಡ್' ಸಿನಿಮಾದಲ್ಲಿ ಸುಲುವಿಗೆ ಗಂಡ, ಮಗಳು ಇರುವುದನ್ನು ಕ್ಷಣಮಾತ್ರ ತೋರಿಸಿದರು. ಟಕೈಗೆ ಅದು ಇಷ್ಟವಾಗಲಿಲ್ಲ. ರಾಡೆನ್‌ಬೆರಿ ಸೃಷ್ಟಿಸಿದ ಪಾತ್ರವನ್ನು ತಿರುಚುವ ಬದಲು ಹೊಸ ಪಾತ್ರ ಕಟ್ಟಿ ಎಂದರು. ಹೊಸ ಪಾತ್ರ ಬೇಕೆಂಬ ಅವರ ಮಾತು ಸರಿ. ಆದರೆ ನಮಗೆ ಗೊತ್ತಿದ್ದ ಹಳೆಯ ಜನರಲ್ಲೇ ಒಬ್ಬ ಮೊದಲಿನಿಂದಲೂ ಹಾಗಿದ್ದಿರಬಹುದು ಎನ್ನುವುದರಲ್ಲೂ ಒಂದು ನ್ಯಾಯವಿದೆ, ಟಕೈ ಅವರ ಬದುಕೇ ಅದಕ್ಕೆ ಸಾಕ್ಷಿ. ನನ್ನ ತಕರಾರು ಆ ದೃಶ್ಯದ ಉದ್ದದ ಬಗ್ಗೆ. ಇಬ್ಬರ ನಡುವಿನ ಮುತ್ತೊಂದನ್ನು ಚಿತ್ರಿಸಿ ಆಮೇಲೆ ತೆಗೆದುಹಾಕಿದರೆಂದು ಸುಲು ಪಾತ್ರಧಾರಿ ಜಾನ್ ಚೋ ಹೇಳಿದ್ದಾರೆ. 2016ರಲ್ಲೂ ಕತ್ತರಿ ಆಡಿದ್ದು ಅಲ್ಲೇ.

'ಸ್ಟಾರ್ ಟ್ರೆಕ್: ಪಿಕಾರ್ಡ್' ಧಾರಾವಾಹಿಯ ಮೊದಲ ಸರಣಿ ಮುಗಿಯುವಾಗ ಅದರ ಇಬ್ಬರು ಹೆಂಗಸರಾದ ಸೆವೆನ್ ಆಫ್ ನೈನ್ ಮತ್ತು ರ‍್ಯಾಫಿಯ ಬೆರಳುಗಳು ಹೆಣೆದುಕೊಳ್ಳುತ್ತವೆ. 2023ರ ಕೊನೆಯ ಕಂತಿನಲ್ಲಿ ಸೆವೆನ್ ಎಂಟರ್‌ಪ್ರೈಸ್ ನೌಕೆಯ ಕ್ಯಾಪ್ಟನ್ ಆಗುತ್ತಾಳೆ, ರ‍್ಯಾಫಿ ಅವಳ ಉಪನಾಯಕಿ. ಅಷ್ಟರಲ್ಲಿ ಅವರಿಬ್ಬರ ಪ್ರೀತಿಯ ಸುದ್ದಿಯನ್ನೇ ಕಥೆ ಹೆಚ್ಚುಕಡಿಮೆ ಕೈಬಿಟ್ಟಿರುತ್ತದೆ. ಹೆಣ್ಣನ್ನು ಪ್ರೀತಿಸಿದ ಹೆಣ್ಣು ಆ ಹೆಸರಾಂತ ನೌಕೆಯ ನಡುಗುರ್ಚಿಯಲ್ಲಿ ಕೂತಳು, ಅಲ್ಲಿಗೆ ಧಾರಾವಾಹಿ ಮುಗಿಯಿತು. ಅವಳು ಆ ನೌಕೆಯನ್ನು ಹೇಗೆ ನಡೆಸುತ್ತಾಳೆ, ಯಾವ ತಪ್ಪು ನಿರ್ಧಾರ ತೆಗೆದುಕೊಳ್ಳುತ್ತಾಳೆ, ಪಕ್ಕದಲ್ಲಿ ನಿಂತ ರ‍್ಯಾಫಿಯ ಜೊತೆ ಏನಕ್ಕೆ ಜಗಳವಾಡುತ್ತಾಳೆ, ಇದನ್ನೆಲ್ಲ ವಾರವಾರ ತೋರಿಸುವ ಧಾರಾವಾಹಿ ನನಗೆ ಬೇಕು.